ಜೋಡಿಯಾಟದ ಬೋಪಣ್ಣನವರು

ಟೆನ್ನಿಸ್ ಆಟವು ನಮ್ಮ ದೇಶದಲ್ಲಿ ಬಹುಕಾಲ ಸಂಸ್ಥಾನಿಕರ ಹಾಗೂ ಸಾಹೇಬರ ಕ್ಲಬ್ಬುಗಳ ಆವರಣವನ್ನು ದಾಟಿ ಹೊರಗೆ ಬಂದಿರಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಜನರಿಗೆ ಕುಸ್ತಿಯ ತಾಲೀಮು ಎಷ್ಟು ಆತ್ಮೀಯವೋ ಬಲೆ ಕಟ್ಟಿದ ಟೆನ್ನಿಸ್ ಅಂಗಣವು ಅಷ್ಟೇ ಅಪರಿಚಿತ. ಆದರೂ ಆ ಆಟದಲ್ಲಿ ಜಗತ್ತಿನ ಅಗ್ರಸ್ಥಾನವನ್ನೇರಿದ ಕನ್ನಡನಾಡಿನ ಕ್ರೀಡಾಪಟುವೊಬ್ಬರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಹೇಳಲು ನಮಗೊಂದು ಕಾರಣವಿದೆ. ಅವರ ಕೀರ್ತಿಯೆಲ್ಲವೂ ಜೋಡಿಯಾಟದಿಂದ ಬಂದುದು. ಪಕ್ಕದಲ್ಲಿ ನಿಂತವರ ದೇಶ ಬೇರೆ, ಭಾಷೆ ಬೇರೆಯಾಗಿದ್ದರೂ ಒಂದೇ ಅಂಗಣವನ್ನು ಹಂಚಿಕೊಂಡು ಆಡುವ ವಿದ್ಯೆಯದು. ಅದರ ಕಷ್ಟವೂ ಸೊಗಸೂ ಗಡಿನಾಡಿಗರಾದ ನಮಗೆ ಬೇಗನೆ ತಿಳಿಯುವಂಥವು.

ರೋಹನ್ ಬೋಪಣ್ಣನವರು 1980ನೆಯ ಇಸವಿ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಜನಿಸಿದರು. ಬೆಳೆದದ್ದು ಕೊಡಗಿನಲ್ಲಿ, ತಂದೆಯವರು ಕಾಫಿ ಬೆಳೆಗಾರರು. ಕೊಡಗಿನವರಿಗೆ ಹಾಕಿಯೆಂದರೆ ಪ್ರಾಣ. ಬಾಲಕನ ಒಲವೂ ಹಾಕಿ, ಫುಟ್‌ಬಾಲುಗಳ ಕಡೆಗೇ ಇತ್ತು. ಮಗನು ಒಬ್ಬನೇ ನಿಂತು ಆಡುವ ಆಟವೊಂದನ್ನು ಕಲಿಯಲಿ ಎಂದು ತಂದೆ ಬಯಸಿದ್ದರಿಂದ 11ನೆಯ ವಯಸ್ಸಿನಲ್ಲಿ ಟೆನ್ನಿಸ್ ಪಾಠ ಮೊದಲಾಯಿತು. ಒಬ್ಬನೇ ಆಡಲೆಂದು ಕಲಿಸಿದ ಆಟದಲ್ಲಿ ಇಬ್ಬರಾಟದಿಂದ ಹೆಸರು ಬಂದುದು ವಿನೋದವೇ ಸರಿ! ಸರ್ವಿಸಿನ ಹೊಡೆತಕ್ಕೆ ಬಲ ಬರಲೆಂದು ಸೌದೆ ಸೀಳುವುದು, ದಮ್ಮು ಹೆಚ್ಚಲೆಂದು ಕಾಫಿತೋಟಗಳಲ್ಲಿ ಓಡುವುದು, ಬಿರುಕುಬಿಟ್ಟ ಅಂಗಣಗಳಲ್ಲಿ ಆಡುವುದು, ಇವೇ ಅವರ ಆರಂಭದ ಶಿಕ್ಷಣ. 2002ರಲ್ಲಿ ಡೇವಿಸ್ ಕಪ್ ಪಂದ್ಯದಲ್ಲಿ ಭಾರತದ ಪರವಾಗಿ ಮೊದಲು ಆಡಿದರು. 2003ರಲ್ಲಿ ವೃತ್ತಿಪರ ಆಟಗಾರರಾದರು.

2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ಅವರು ಅಮೆರಿಕದ ಮಹಾಸ್ಪರ್ಧೆಯ ಅಂತಿಮ ಪಂದ್ಯವನ್ನು ತಲುಪಿದರು. ಎದುರಾಳಿಗಳು ಅವಳಿ ಸೋದರರಾದ ಬ್ರಯನ್ನರು. ಒಂದೇ ಗರ್ಭದಲ್ಲಿ ಬೆಳೆದವರ ಎದುರಿಗೆ ಗಡಿಯ ಎರಡು ಬದಿಯವರು! ವಿಶ್ವಸಂಸ್ಥೆಯಲ್ಲಿದ್ದ ಭಾರತ, ಪಾಕಿಸ್ತಾನಗಳ ರಾಯಭಾರಿಗಳು ಒಟ್ಟಿಗೆ ಕುಳಿತು ಆ ಪಂದ್ಯವನ್ನು ನೋಡಿದರು. ಅವಳಿಗಳೇ ಗೆದ್ದರು. ‘ಯುದ್ಧ ನಿಲ್ಲಲಿ, ಟೆನ್ನಿಸ್ ನಡೆಯಲಿ’ ಎಂಬುದು ಸೋತ ಜೋಡಿಯ ಘೋಷಣೆಯಾಗಿತ್ತು. ಗೆಲುವಿನ ಪಟ್ಟಿಯಲ್ಲಿಲ್ಲದ ಈ ಪಂದ್ಯವನ್ನೇ ನಾವು ಅವರ ಬಾಳಿನ ದೊಡ್ಡ ಪಂದ್ಯವೆಂದು ಎಣಿಸುತ್ತೇವೆ.

2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿಯವರ ಜೊತೆಯಲ್ಲಿ ಫ್ರೆಂಚ್ ಸ್ಪರ್ಧೆಯ ಮಿಶ್ರ ಜೋಡಿ ಪ್ರಶಸ್ತಿ ಬಂದಿತು. ಅಂತಿಮ ಪಂದ್ಯದಲ್ಲಿ ಇನ್ನೊಂದೇ ಅಂಕಕ್ಕೆ ಸೋಲು ಎಂಬ ಸ್ಥಿತಿಯಿಂದ ಎರಡು ಬಾರಿ ಪಾರಾಗಿ ಗೆದ್ದರು. ಆ ಬಳಿಕ ಇಳಿಗಾಲ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. 2021ರಲ್ಲಿ ಸೋಲಿನ ಮೇಲೆ ಸೋಲು. ಪೋರ್ಚುಗಲ್ಲಿನ ಎಸ್ಟೋರಿಲ್ ಊರಿನ ಕಡಲನ್ನು ನೋಡುತ್ತ, ಆಟವನ್ನು ಬಿಟ್ಟು ಮನೆಗೆ ಮರಳೋಣವೇ ಎಂದು ಯೋಚಿಸಿದುದಾಗಿ ಅವರೇ ಹೇಳಿದ್ದಾರೆ. ಅವರ ಕಾಲುಗಳನ್ನು ಉಳಿಸಿದ್ದು ಅಯ್ಯಂಗಾರ್ ಯೋಗ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, 1937ರಿಂದ ಪುಣೆಯಲ್ಲಿ ನೆಲೆಸಿ, 2014ರಲ್ಲಿ ಅಲ್ಲಿಯೇ ತೀರಿಕೊಂಡ ಬಿ. ಕೆ. ಎಸ್. ಅಯ್ಯಂಗಾರ್ಯರ ಪದ್ಧತಿಯದು. ಕನ್ನಡನಾಡಿನಲ್ಲಿ ಹುಟ್ಟಿದವರೊಬ್ಬರು ಮಹಾರಾಷ್ಟ್ರದಲ್ಲಿ ಬೆಳೆಸಿದ ವಿದ್ಯೆಯು ಹೀಗೆ ಕೊಡಗಿನವರ ಮೊಣಕಾಲಿಗೆ ಬಂದು ಮುಟ್ಟಿತು.

ಆಮೇಲಿನದು ಎರಡನೆಯ ಹರೆಯ. 2023ರ ಸೆಪ್ಟೆಂಬರ್ 30ರಂದು ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಮಹಾರಾಷ್ಟ್ರದ ಋತುಜಾ ಭೋಸಲೆಯವರೊಡನೆ ಮಿಶ್ರ ಜೋಡಿಯ ಸುವರ್ಣಪದಕವನ್ನು ಪಡೆದರು. ಮೊದಲ ಸೆಟ್ಟು ಸೋತು ಬಳಿಕ ಗೆದ್ದ ಪಂದ್ಯವದು. ಎರಡು ರಾಜ್ಯಗಳ ನಡುವಣ ಗೆರೆಯ ವಿಚಾರವಾಗಿ ದಿನವೂ ಕೇಳುತ್ತಿರುವ ನಮಗೆ ಆ ಪದಕದ ಹೊಳಪು ಸ್ವಲ್ಪ ಹೆಚ್ಚಾಗಿಯೇ ಕಂಡರೆ ವಾಚಕರು ಮನ್ನಿಸಬೇಕು. 2024ರ ಜನವರಿ 27ರಂದು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್‌ರೊಡನೆ ಮೆಲ್ಬರ್ನಿನಲ್ಲಿ ಪುರುಷರ ಜೋಡಿ ಪ್ರಶಸ್ತಿ. ಎರಡು ದಿನಗಳ ತರುವಾಯ, ತಮ್ಮ 43ನೆಯ ವಯಸ್ಸಿನಲ್ಲಿ, ಜೋಡಿಯಾಟದಲ್ಲಿ ಲೋಕದ ಪ್ರಥಮ ಸ್ಥಾನ. ಅಷ್ಟು ವಯಸ್ಸಾದ ಪುರುಷರಾರೂ ಅದಕ್ಕೆ ಮುಂಚೆ ಆ ಸ್ಥಾನವನ್ನು ಏರಿರಲಿಲ್ಲ. ಅದೇ ವರ್ಷ ಪದ್ಮಶ್ರೀ ಪ್ರಶಸ್ತಿಯೂ ಬಂದಿತು.

2025ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನವೇ, ಅವರು ನಿವೃತ್ತಿಯನ್ನು ಸಾರಿದರು. ಆಡುತ್ತಿದ್ದ ದಿನಗಳಲ್ಲಿಯೇ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಟೆನ್ನಿಸ್ ಶಾಲೆಯನ್ನು ತೆರೆದಿದ್ದರು. ಸಣ್ಣ ಊರುಗಳ ಮಕ್ಕಳಿಗೂ ದಾರಿಯಾಗಬೇಕೆಂಬುದು ಅವರ ಇಚ್ಛೆ. ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ರೂಢಿಯುಳ್ಳ ಶಾಲೆಗಳ ನಡುವೆ ಇದು ಸುಲಭದ ಮಾತಲ್ಲ. ಆದರೆ ಸಣ್ಣ ಊರಿನವರಿಗೆ ಟೆನ್ನಿಸ್ ಒಗ್ಗದೆನ್ನುವವರು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಕಡೆಗೆ ನೋಡಬಹುದು. ಆ ಊರಿನ ಪ್ರಾರ್ಥನಾ ಠೋಂಬರೆಯವರು 2014ರಲ್ಲಿ ಇಂಚಿಯಾನ್ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಸಾನಿಯಾ ಮಿರ್ಜಾರವರೊಡನೆ ಮಹಿಳೆಯರ ಜೋಡಿಯಾಟದ ಕಂಚಿನ ಪದಕವನ್ನು ಗೆದ್ದರು; 2016ರಲ್ಲಿ ಅದೇ ಜೋಡಿ ರಿಯೋ ಒಲಿಂಪಿಕ್ಸಿನಲ್ಲಿಯೂ ಆಡಿತು.