ಪಾವು, ಚಟಾಕು ಮತ್ತು ಮಾಂಟೆಸ್ಸೋರಿ

ಮೊನ್ನೆ ಸೊಸೆ ಮೊಮ್ಮಗಳಿಗೆಂದು ಒಂದು ಪೆಟ್ಟಿಗೆ ತರಿಸಿದಳು. ಬಿಚ್ಚಿದರೆ ಒಂದರೊಳಗೊಂದು ಕೂರುವ ಮರದ ಬಟ್ಟಲುಗಳು. "ಮಾಂಟೆಸ್ಸೋರಿ ಆಟಿಕೆ ಅತ್ತೆ, ಈ ವಯಸ್ಸಿಗೆ ಒಳ್ಳೆಯದಂತೆ" ಎಂದಳು. ಬೆಲೆ ಕೇಳಿ ಸುಮ್ಮನಾದೆ. ಅಟ್ಟದ ಮೇಲೆ ನಮ್ಮತ್ತೆಯವರ ಕಾಲದ ಅಚ್ಚೇರು, ಪಾವು, ಚಟಾಕುಗಳು ಧೂಳು ಹಿಡಿದು ಕೂತಿದ್ದವು. ನನ್ನ ಮಗ ಬೆಳೆದದ್ದು ಅವುಗಳ ಜೊತೆ.

ಅವನು ಹುಟ್ಟಿದ್ದು 1988ರಲ್ಲಿ. ನನಗೆ ಸಿಕ್ಕದ್ದು ಮೂರು ತಿಂಗಳ ಹೆರಿಗೆ ರಜೆ. (26 ವಾರದ ಕಾನೂನು ಬಂದದ್ದು 2017ರಲ್ಲಿ. ಸೊಸೆಯ ಪುಣ್ಯ.) ರಜೆ ಮುಗಿದ ಮರುದಿನವೇ ಎದೆ ತುಂಬಿ ಸೆರಗು ಒದ್ದೆಯಾಗುತ್ತಿದ್ದರೂ ಕಚೇರಿಯಲ್ಲಿ ಕೂತು ಕಡತ ಬರೆದೆ. ಮನೆಯಲ್ಲಿ ಅತ್ತೆ ಚಾಪೆ ಹಾಸಿ ಕೂಸನ್ನು ಬಿಟ್ಟು, ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದರು. ಅವನು ಬೋರಲು ಬಿದ್ದದ್ದನ್ನೂ ತೆವಳಿದ್ದನ್ನೂ ಮೊದಲು ಕಂಡವರು ಅವರೇ, ನಾನಲ್ಲ. ಕೂರಲು ಬಂದ ಮೇಲೆ ಅಚ್ಚೇರಿನೊಳಗೆ ಪಾವು, ಪಾವಿನೊಳಗೆ ಚಟಾಕು ಹಾಕಿ ತೆಗೆಯುವುದೇ ಅವನ ಕಸುಬು. ಅತ್ತೆ ನಡುವೆ ಬಾಯಿ ಹಾಕುತ್ತಿರಲಿಲ್ಲ.

ನನಗೆ ಇದು ಹಳ್ಳಿಗಾಡಿನ ರೀತಿಯೆನಿಸಿತು. ಸಂಬಳ ಬಂದ ದಿನ ಒಂದು ವಾಕರ್ ತಂದೆ. "ಕಾಲು ತಾನಾಗಿ ಬರಲಿ ಕಣಮ್ಮ, ಅವಸರ ಯಾರಿಗೆ?" ಎಂದರು. ನಾನೇ ಗೆದ್ದೆ. ಒಂದು ಸಂಜೆ ವಾಕರಿನ ಸಮೇತ ಕೂಸು ಹಜಾರದ ಮೆಟ್ಟಿಲಿನಿಂದ ಉರುಳಿ ಹಣೆ ಸೀಳಿಕೊಂಡಿತು. ಮೂರು ಹೊಲಿಗೆ. ಅತ್ತೆ ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಇಂಥ ಅಪಾಯಕ್ಕಾಗಿಯೇ ಕೆನಡಾ ದೇಶ 2004ರಲ್ಲಿ ವಾಕರುಗಳ ಮಾರಾಟವನ್ನೇ ನಿಷೇಧಿಸಿತೆಂದು ಓದಿದಾಗ, ಅವರು ತೀರಿಕೊಂಡು ವರ್ಷಗಳಾಗಿದ್ದವು.

ಮರಿಯಾ ಮಾಂಟೆಸ್ಸೋರಿಯ ಜೀವನಕಥೆ ನನ್ನ ಕೈಗೆ ಸಿಕ್ಕದ್ದೂ ತಡವಾಗಿಯೇ. ಇಟಲಿಯ ಈ ವೈದ್ಯೆ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆ ಸಾನ್ ಲೊರೆಂಜೊದಲ್ಲಿ ಮಕ್ಕಳ ಮನೆ ತೆರೆದದ್ದು ಎಲ್ಲರಿಗೂ ಗೊತ್ತು. ಆದರೆ ಆಕೆಗೊಬ್ಬ ಮಗನಿದ್ದದ್ದು ಬಹುಕಾಲ ಲೋಕಕ್ಕೆ ತಿಳಿದಿರಲಿಲ್ಲ. ಮದುವೆಯಾಗದೆ 1898ರಲ್ಲಿ ಹೆತ್ತ ಮಾರಿಯೊನನ್ನು ಹಳ್ಳಿಯ ಒಂದು ಸಂಸಾರಕ್ಕೆ ಸಾಕಲು ಕೊಟ್ಟಿದ್ದರು. ಮಗ ತಾಯಿಯ ಬಳಿಗೆ ಬಂದದ್ದು ಹದಿಹರೆಯದಲ್ಲಿ. ಊರ ಮಕ್ಕಳಿಗೆಲ್ಲ ದಾರಿ ತೋರಿದವಳಿಗೆ ತನ್ನ ಕೂಸಿನ ತೊದಲು ಮಾತನ್ನು ದಿನವೂ ಕೇಳುವ ಭಾಗ್ಯವಿರಲಿಲ್ಲ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತಿದ್ದೆ.

1939ರ ನವೆಂಬರಿನಲ್ಲಿ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿದೇವಿಯವರ ಕರೆಯ ಮೇರೆಗೆ ತಾಯಿ-ಮಗ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು, ಇಬ್ಬರೂ ಶತ್ರುದೇಶದವರಾದರು. ಮಾರಿಯೊನನ್ನು ಬಂಧನದಲ್ಲಿಟ್ಟು, ತಾಯಿಯ ಓಡಾಟಕ್ಕೆ ನಿರ್ಬಂಧ ಹಾಕಿದರು. 1940ರ ಆಗಸ್ಟ್ 31, ಆಕೆಗೆ ಎಪ್ಪತ್ತು ತುಂಬಿದ ದಿನ, ಸರ್ಕಾರ ಮಗನನ್ನು ಬಿಟ್ಟುಕೊಟ್ಟಿತು. 1942ರಿಂದ ಎರಡು ವರ್ಷ ಅವರಿದ್ದದ್ದು ಕೊಡೈಕನಾಲಿನಲ್ಲಿ. ಆಕೆ ಇಟಾಲಿಯನ್ನಿನಲ್ಲಿ ಪಾಠ ಹೇಳುವುದು, ಮಗ ಅದನ್ನು ಇಂಗ್ಲಿಷಿಗೆ ತಿರುಗಿಸುವುದು.

ಹುಟ್ಟಿನಿಂದ ಮೂರು ವರ್ಷದವರೆಗಿನ ಮಗುವಿನ ಬಗ್ಗೆ ಆಕೆಯ ಚಿಂತನೆ ಆಳವಾದದ್ದು ಈ ವರ್ಷಗಳಲ್ಲಿ. ಅಹಮದಾಬಾದಿನ ಉಪನ್ಯಾಸಗಳಿಂದ ಹುಟ್ಟಿದ 'ದಿ ಅಬ್ಸಾರ್ಬೆಂಟ್ ಮೈಂಡ್' 1949ರಲ್ಲಿ ಮದರಾಸಿನಲ್ಲೇ ಅಚ್ಚಾಯಿತು. ತಾಯಿ ಹೋದಲ್ಲೆಲ್ಲ ಕೂಸನ್ನು ಹೊತ್ತೊಯ್ಯಬೇಕು, ಸಂತೆಯ ಗದ್ದಲ, ದೊಡ್ಡವರ ಮಾತು ಎಲ್ಲವನ್ನೂ ಅದು ಹೀರಿಕೊಳ್ಳುತ್ತದೆ, ಒಂಟಿ ಕೋಣೆಯಲ್ಲಿ ಮಲಗಿಸಿದರೆ ಅದು ಹಸಿದಂತೆ ಎನ್ನುತ್ತಾರೆ. ನಮ್ಮ ಹೆಂಗಸರ ಕಂಕುಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ?

ಆದರೆ ನಮ್ಮದೆಲ್ಲ ಸರಿಯೆಂದು ಬೀಗುವ ಹಾಗಿಲ್ಲ. ಎರಡು ವರ್ಷದ ಮಗುವಿಗೂ ತುತ್ತು ಮಾಡಿ ತುರುಕುತ್ತೇವೆ. ತಾನೇ ಕೈಹಾಕಿದರೆ "ಚೆಲ್ಲುತ್ತೀಯ" ಎಂದು ತಟ್ಟೆ ಎಳೆಯುತ್ತೇವೆ. ಮಗು ಒಂದು ಮುಚ್ಚಳದಲ್ಲಿ ಮುಳುಗಿ ಕೂತಿದ್ದಾಗ ನೆಂಟರು ಬಂದರೆ ಸರಕ್ಕನೆ ಎತ್ತಿ "ಮಾಮಾಗೆ ಟಾಟಾ ಮಾಡು" ಎನ್ನುತ್ತೇವೆ. ಮಗುವಿನ ಆ ತನ್ಮಯತೆಯನ್ನು ಮುರಿಯಬೇಡಿ ಎಂಬುದೇ ಮಾಂಟೆಸ್ಸೋರಿಯ ಮುಖ್ಯ ಮಾತು. ಅತ್ತೆಯವರಿಗೆ ಅದು ಹೇಗೆ ತಿಳಿದಿತ್ತೋ! ಹಾಗೆಂದು ಅವರೂ ಎಲ್ಲದರಲ್ಲಿ ಜಾಣೆಯಲ್ಲ, ಕೂಸಿನ ಕಣ್ಣಿಗೆ ಕಾಡಿಗೆ ತೀಡುವುದನ್ನು ಕೊನೆಯವರೆಗೂ ಬಿಡಲಿಲ್ಲ.

ನಿನ್ನೆ ಪಾವು, ಚಟಾಕುಗಳನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಒರೆಸಿ, ಚಾಪೆಯ ಮೇಲಿಟ್ಟೆ. ಮೊಮ್ಮಗಳು ಚಟಾಕನ್ನು ಎತ್ತಿ ಮರದ ಬಟ್ಟಲಿಗೆ ಹಾಕಿದಳು, ಹಿಡಿಸಲಿಲ್ಲ. ತೆಗೆದು ಪಾವಿಗೆ ಹಾಕಿದಳು. ಸೊಸೆ ಫೋಟೋ ತೆಗೆಯಲು ಅವಳ ಮುಖವನ್ನು ತನ್ನತ್ತ ತಿರುಗಿಸಹೋದಳು.

"ಸ್ವಲ್ಪ ತಾಳಮ್ಮ" ಎಂದೆ.