ಖಿನ್ನತೆ ಮತ್ತು ಕಾಂತೀಯ ಚಿಕಿತ್ಸೆ

ಕನಿಷ್ಠ 2 ವಾರ ಮನಸ್ಸಿಗೆ ಮಂಕು ಕವಿದು, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಹಸಿವು ಏರುಪೇರಾದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮೊಬೈಲ್ ಆ್ಯಪ್‌ನ ಪ್ರಶ್ನಾವಳಿ ಸುಳಿವು ಕೊಟ್ಟೀತಷ್ಟೆ. ಔಷಧಿಗೆ ಬಗ್ಗದ ಖಿನ್ನತೆಗೆ ಟಿಎಂಎಸ್, ಅಂದರೆ ಕಾಂತೀಯ ಮಿಡಿತಗಳಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ, ಒಂದು ದಾರಿ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ತಂಡ ರೂಪಿಸಿದ ಈ ತಂತ್ರವನ್ನು ಖಿನ್ನತೆಗೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಒಪ್ಪಿತು. ಅರಿವಳಿಕೆ ಬೇಡ. ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಒರಗಿರುತ್ತಾರೆ; ತಲೆಯ ಎಡ ಮುಂಭಾಗಕ್ಕೆ ತಾಗಿಸಿದ ತಂತಿಸುರುಳಿ ಟಕಟಕ ಸದ್ದು ಮಾಡುತ್ತ ಕಾಂತೀಯ ಮಿಡಿತಗಳನ್ನು ಮಿದುಳಿಗೆ ಹಾಯಿಸುತ್ತದೆ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 4ರಿಂದ 6 ವಾರ. ಎಲ್ಲರಿಗೂ ಫಲಿಸದು, ತಲೆಯೊಳಗೆ ಲೋಹದ ಸಾಧನವಿದ್ದವರಿಗೆ ಸಾಮಾನ್ಯವಾಗಿ ಸಲ್ಲದು. ಮೊದಲ ಸಲಹೆಗೆ 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.