ಚಿಂಗ್‌ಹಾವ್
ಸೂರ್ಯಕಾಂತಿ ಕುಟುಂಬದ ಏಕವಾರ್ಷಿಕ ಮೂಲಿಕೆ. ಶಾಸ್ತ್ರೀಯ ನಾಮ ಆರ್ಟಿಮೀಸಿಯ ಆ್ಯನುವ. ನಮ್ಮ ದವನ, ಮಾಚಿಪತ್ರೆಗಳದೇ ಕುಲ. ಎಲೆ ಜರಿಗಿಡದಂತೆ ಸೀಳುಸೀಳು. ಹೂ ಹಳದಿ, ಸಾಸಿವೆಗಿಂತ ತುಸು ದಪ್ಪ. ಹಿಸುಕಿದರೆ ಕರ್ಪೂರದಂಥ ಘಾಟು. ಚೀನೀ ವೈದ್ಯರು ಇದನ್ನು ಜ್ವರಕ್ಕೆ ಕೊಡುತ್ತಿದ್ದರು. 4ನೆಯ ಶತಮಾನದ ಗೆ ಹೋಂಗ್, ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದ, ಕುದಿಸಬೇಕೆನ್ನಲಿಲ್ಲ. ಹೇಳದೆ ಬಿಟ್ಟ ಆ ಮಾತೇ ವಿಜ್ಞಾನಿ ತೂ ಯೂಯೂ ಅವರಿಗೆ ಸುಳಿವಾಯಿತು. ಕಾಯಿಸಿದರೆ ಸತ್ವ ಕೆಡಬಹುದೆಂದು ಊಹಿಸಿ, ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1972ರಲ್ಲಿ ಮಲೇರಿಯಾ ಮದ್ದು ಆರ್ಟಿಮಿಸಿನಿನ್ ಬೇರ್ಪಟ್ಟಿತು; 2015ರಲ್ಲಿ ಅವರಿಗೆ ನೊಬೆಲ್ ಸಂದಿತು. ಮಲೇರಿಯಾಕ್ಕೆ ಸೊಪ್ಪಿನ ಕಷಾಯ ಕುಡಿಯುವುದನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ.